ನಾನು ಇರುವತನಕ ಮುಚ್ಚಿದ ಪೆಟ್ಟಿಗೆ

ವರ್ಷಕ್ಕೆ ಎರಡು ಕಡೆಯವರು ನಾನು ಬದುಕಿದ್ದೇನೋ ಸತ್ತಿದ್ದೇನೋ ಎಂದು ವಿಚಾರಿಸುತ್ತಾರೆ. ಒಂದು ಕಡೆ ವಿಧವಾ ಪಿಂಚಣಿಯವರು. ಅವರಿಗೆ ಹೆಬ್ಬೆರಳು ಒತ್ತಿ ತೋರಿಸಬೇಕು. ನೂಲು ತಿಕ್ಕಿ ಸವೆದ ಬೆರಳು, ಮಷೀನು ಒಪ್ಪುವುದಿಲ್ಲ. ಎದುರಿಗೇ ಕೂತಿದ್ದರೂ ಇಲ್ಲ ಅನ್ನುತ್ತದೆ. ಇನ್ನೊಂದು ಕಡೆ ಜರ್ಮನಿಯವರು. ಅವರು ಮರ್ಯಾದಸ್ಥರು. ಸತ್ತಳೇನು ಎಂದು ಕೇಳುವುದಿಲ್ಲ. ಅಜ್ಜಿಯವರ ಆರೋಗ್ಯ ಹೇಗಿದೆ ಎಂದು ಕೇಳುತ್ತಾರೆ. ಅರ್ಥ ಒಂದೇ.

ಜರ್ಮನಿಗೂ ಗಜೇಂದ್ರಗಡದ ನೇಕಾರರ ಓಣಿಯ ಮುದುಕಿಗೂ ಏನು ಸಂಬಂಧ ಎಂದರೆ, ಅದು ಒಂದು ಪೆಟ್ಟಿಗೆಯ ಸಂಬಂಧ. ಆ ದೇಶದಲ್ಲಿ ಸತ್ತ ಬರಹಗಾರರ ಕಾಗದಪತ್ರ ಕಾಯುವುದಕ್ಕೇ ಒಂದು ದೊಡ್ಡ ಮನೆ ಕಟ್ಟಿದ್ದಾರೆ. ಅಲ್ಲಿ ಒಬ್ಬ ಸಂಪಾದಕನ ಕಾಗದಗಳಿವೆ. ಅವನು ರಾಜಕೀಯದ ಮೇಲೆ ಬರೆಯುವವನು, ಪತ್ರಿಕೆ ನಡೆಸುತ್ತಿದ್ದವನು. ಸತ್ತು ಬಹಳ ವರ್ಷವಾಯಿತು. ಅವನ ಕಾಗದ ಒಂದು ಗೋಡೆಯ ತುಂಬ ಇದೆಯಂತೆ. ಎಲ್ಲ ಪೆಟ್ಟಿಗೆಯನ್ನೂ ಬಿಚ್ಚಿ, ಸೂಜಿ ಪಿನ್ನು ಕಿತ್ತು, ಯಾದಿ ಮಾಡಿ ಇಟ್ಟಿದ್ದಾರೆ. ಒಂದನ್ನು ಮಾತ್ರ ಬಿಚ್ಚಿಲ್ಲ. ಅದು ನಮ್ಮ ಓಣಿಯದು. ಅದರಲ್ಲಿರುವುದು ನಮ್ಮ ಓಣಿಯ ಏಳೆಂಟು ಜನ ಅವನ ಮುಂದೆ ಕೂತು ಆಡಿದ ಮಾತು. ಆ ಏಳೆಂಟು ಜನರಲ್ಲಿ ಕಡೆಯವರು ಸಾಯುವತನಕ, ಇಲ್ಲವೇ ಉಳಿದವರು ತಾವಾಗಿ ತೆಗೆಯಿರಿ ಎಂದು ರುಜು ಹಾಕುವತನಕ, ಯಾರೂ ಓದಬಾರದು ಎಂದು ಅವನೇ ಬರೆದಿಟ್ಟಿದ್ದಾನೆ.

ಕಡೆಯವಳು ನಾನು. ಅದನ್ನು ನಾನು ಬೇಡಿಕೊಂಡದ್ದಲ್ಲ.

ರೋಣದ ಕಾಲೇಜಿನಲ್ಲಿ ಕಲಿಸುವ ಬಾಯಾರೊಬ್ಬರು, ಅಂದರೆ ಮೇಡಮ್ಮು, ಆ ಪೆಟ್ಟಿಗೆಯ ಫೋಟೋವನ್ನು ಮೊಬೈಲಿನಲ್ಲಿ ನನಗೆ ತೋರಿಸಿದ್ದರು. ಬೂದಿ ಬಣ್ಣದ ರಟ್ಟಿನ ಪೆಟ್ಟಿಗೆ, ಬಿಳಿ ಲಾಡಿ ಕಟ್ಟಿದ್ದಾರೆ. ಬೇಸಿಗೆಯಲ್ಲೂ ಅಲ್ಲಿ ತಂಪು ಇರುವಂತೆ ಮಷೀನು ಹಚ್ಚಿದ್ದಾರಂತೆ. ನಮ್ಮ ತಲೆಯ ಮೇಲೆ ಇನ್ನೂ ಕಾದ ತಗಡು. ನಮ್ಮ ಮಾತಿಗೆ ಮಾತ್ರ ಚಲೋ ವ್ಯವಸ್ಥೆ ಆಯಿತು.

ಆ ಸಾಹೇಬ ನಮ್ಮಲ್ಲಿಗೆ ಬಂದದ್ದು ಹೊಳೆಯ ದೆಸೆಯಿಂದ. ನರಗುಂದದಲ್ಲಿ ರೈತರನ್ನು ಮಾತಾಡಿಸಿಕೊಂಡು, ನೇಕಾರರನ್ನು ನೋಡಬೇಕೆಂದು ಮುಂದೆ ಹೊರಟಿದ್ದನಂತೆ. ಕೊಣ್ಣೂರಿನ ಸೇತುವೆಯ ಮೇಲೆ ಮಲಪ್ರಭೆ ಹರಿಯುತ್ತಿದ್ದಳು, ಬಸ್ಸು ನಿಂತಿತು. ಅದೇ ಬಸ್ಸಿನಲ್ಲಿದ್ದ ಜಕ್ಕಲಿಯ ಮಾಸ್ತರರಿಗೆ ಇಂಗ್ಲಿಷು ಬರುತ್ತಿತ್ತು. ನೇಕಾರರೇ ಬೇಕೆಂದರೆ ಹೊಳೆ ಯಾಕೆ ದಾಟಬೇಕು, ಗಜೇಂದ್ರಗಡದಲ್ಲಿ ಓಣಿಗಟ್ಟಲೆ ಇದ್ದಾರೆ, ಅವರ ಸಂಪು ಈಗಷ್ಟೇ ಮುರಿದುಬಿದ್ದಿದೆ ಎಂದು ಹೇಳಿ, ರೋಣದ ಮೇಲೆ ಹಾಯ್ದು ಕರೆದುಕೊಂಡು ಬಂದರು. ಸಂಪು ಅಂದರೆ ಮುಷ್ಕರ. ನಮ್ಮ ಬಾಯಲ್ಲಿ ಸಂಪು.

ಅವನನ್ನು ನಮ್ಮ ಮನೆಯಲ್ಲೇ ಇಳಿಸಿದರು, ಯಾಕೆಂದರೆ ಸಂಪಿನಲ್ಲಿ ಮುಂದೆ ನಿಂತವರು ನಮ್ಮ ಮನೆಯವರು. ಎತ್ತರದ ಮನುಷ್ಯ, ಬಾಗಿಲಿಗೆ ತಲೆ ಬಡಿದುಕೊಂಡೇ ಒಳಗೆ ಬಂದ. ಚಕ್ಕಳಮಕ್ಕಳ ಹಾಕಿ ಕೂರಲು ಬರುತ್ತಿರಲಿಲ್ಲ. ಕೂತರೆ ಕಾಲು ಎಲ್ಲಿಡಬೇಕು ಎಂದು ತಿಳಿಯದೆ ಒಂದನ್ನು ಆಚೆ ಒಂದನ್ನು ಈಚೆ ಚಾಚುವನು. ಮನೆಯಲ್ಲಿ ಕುರ್ಚಿ ಇರಲಿಲ್ಲ. ಕೊನೆಗೆ ಅವನೇ ಜಾಗ ಕಂಡುಹಿಡಿದ. ನಮ್ಮದು ಕುಣಿ ಮಗ್ಗ. ನೇಯುವವನು ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಬಿಟ್ಟು ಕೂರಬೇಕು. ಸಂಪು ಮುಗಿದ ಮೇಲೂ, ಮಜೂರಿ ಕೊಟ್ಟು ನೇಯಿಸುವ ಸಾಹುಕಾರರು ನಮ್ಮ ಮನೆಯವರಿಗೆ ನೂಲು ಕೊಟ್ಟಿರಲಿಲ್ಲ, ಮಗ್ಗ ಖಾಲಿ ಇತ್ತು. ಸಾಹೇಬ ಆ ಕುಣಿಯಲ್ಲಿ ಕಾಲಿಳಿಸಿ, ಬಟ್ಟೆ ಸುತ್ತುವ ದಿಂಡಿನ ಮೇಲೆ ಹಾಳೆ ಇಟ್ಟುಕೊಂಡು ಬರೆದ. ನಮ್ಮ ಅತ್ತೆಗೆ ಕಣ್ಣು ಮಬ್ಬು. ಮಗ್ಗದಲ್ಲಿ ಯಾರೋ ಕೂತಿದ್ದಾರೆ, ಲಾಳಿಯ ಸದ್ದು ಇಲ್ಲ ಎಂದರೆ ಅವಳಿಗೆ ಸಿಟ್ಟು.

“ಕುಂತಾನ, ನೇಯವಲ್ಲ. ಎಂಥಾ ಆಳ ತಂದಿಟ್ಟಿರೋ?”

“ಅಂವ ಬರಿಯಾಂವಬೇ, ನೇಯಾಂವಲ್ಲ,” ಅಂದರು ನಮ್ಮ ಮನೆಯವರು.

“ಬರದ್ರ ಉಡಾಕ ಬರತೈತೇನು?”

ಮಾಸ್ತರರು ಅದನ್ನೂ ಅವನಿಗೆ ಹೇಳಿದರು. ಅವನು ನಕ್ಕು ಅದನ್ನೂ ಬರೆದುಕೊಂಡ. ಹಾಗಾಗಿ ನಮ್ಮ ಅತ್ತೆಯ ಬೈಗುಳವೂ ಆ ಪೆಟ್ಟಿಗೆಯಲ್ಲಿ ತಂಪಾಗಿ ಇರಬೇಕು.

ಅವನು ಕೇಳಲು ಬಂದದ್ದು ಒಂದೇ ಮಾತು. ಇಷ್ಟು ವಾರ ಹಸಿದುಕೊಂಡು ಗಟ್ಟಿ ನಿಂತ ಸಂಪು ಒಂದು ಮುಂಜಾನೆಯಲ್ಲಿ ಹೇಗೆ ಮುರಿಯಿತು? ಅದನ್ನು ಹೇಳಬೇಕಾದರೆ ಹಾಸಿನ ವಿಷಯ ಹೇಳಬೇಕು.

ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ನೂಲು. ಅದಕ್ಕೆ ಗಂಜಿ ಕುಡಿಸಬೇಕು, ಇಲ್ಲದಿದ್ದರೆ ನೇಯುವಾಗ ಹರಿಯುತ್ತದೆ. ಮನೆಯೊಳಗೆ ಅದು ಹಿಡಿಯುವುದಿಲ್ಲ. ಓಣಿಯ ಈ ತುದಿಯಿಂದ ಆ ತುದಿಗೆ ಕತ್ತರಿಯ ಹಾಗೆ ಜೋಡಿಸಿ ನಿಲ್ಲಿಸಿದ ಗಳಗಳ ಮೇಲೆ ಎಳೆದು ಕಟ್ಟಿ, ಎರಡೂ ಬದಿಗೆ ಜನ ನಿಂತು ಕುಂಚದಿಂದ ಗಂಜಿ ತೀಡುತ್ತಾ ಎಳೆ ಬಿಡಿಸುತ್ತಾ ಹೋಗಬೇಕು. ಬಿಸಿಲು ಏರುವುದರೊಳಗೆ ಮುಗಿಯಬೇಕು. ತಡವಾದರೆ ಎಳೆಗೆ ಎಳೆ ಅಂಟಿ ಇಡೀ ಹಾಸು ಹಗ್ಗವಾಗುತ್ತದೆ. ಒಂದು ಮನೆಯವರ ಕೈಗೆ ಅದು ಆಗುವ ಕೆಲಸವಲ್ಲ. ಅದಕ್ಕೇ ನಮ್ಮಲ್ಲಿ ಒಂದು ಕಟ್ಟಳೆ. ಹಸಿ ಹಾಸು ಕಂಡವರು ಕೈ ಹಚ್ಚದೆ ಮುಂದೆ ಹೋಗಬಾರದು. ಯಾರದು ಎಂದು ಕೇಳುವ ಹಾಗಿಲ್ಲ. ಗೋಡೆಯ ಸಲುವಾಗಿ ಕೋರ್ಟಿಗೆ ಹೋದ ಇಬ್ಬರು ಒಂದೇ ಹಾಸಿನ ಈಚೆ ಆಚೆ ನಿಂತು, ಮಾತಿಲ್ಲದೆ, ಮುಖ ನೋಡದೆ ಕುಂಚ ಎಳೆದದ್ದನ್ನು ನಾನು ಕಂಡಿದ್ದೇನೆ. ಹೆಣ್ಣು ನೋಡಲು ಹೊಸ ಅಂಗಿ ಹಾಕಿಕೊಂಡು ಹೊರಟಿದ್ದ ಹುಡುಗ ತೋಳು ಏರಿಸಿ ನಿಂತು, ಗಂಜಿ ಮೆತ್ತಿದ ಅಂಗಿಯಲ್ಲೇ ಲಕ್ಕಲಕಟ್ಟಿಗೆ ಹೋಗಿ ಹೆಣ್ಣು ಒಪ್ಪಿಕೊಂಡು ಬಂದಿದ್ದಾನೆ.

ಮಜೂರಿ ಹೆಚ್ಚಿಸಿ ಎಂದು ನಮ್ಮ ಓಣಿ ಸಂಪು ಹೂಡಿದಾಗ ಮೊದಲು ನಿಂತದ್ದು ಈ ಹಾಸು. ಓಣಿ ಬೋಳಾಯಿತು. ಮಗ್ಗದ ಸದ್ದು ಇಲ್ಲದೆ ಕೂಸುಗಳು ನಿದ್ದೆ ಮಾಡುತ್ತಿರಲಿಲ್ಲ. ಮುಂದೆ ನಿಂತು ಎಲ್ಲರಿಂದ ಆಣೆ ಮಾಡಿಸಿದವರು ನಮ್ಮ ಮನೆಯವರು. ಆಣೆ ಮಾಡಿದವರಲ್ಲಿ ಅವರ ಸ್ವಂತ ಅಣ್ಣನೂ ಇದ್ದ, ನನ್ನ ಭಾವ. ಗೋಡೆಯ ಆಚೆ ಮನೆ. ಅವನ ಹೆಂಡತಿ ನನ್ನ ನೆಗೆಣ್ಣಿ. ನನಗಿಂತ ದೊಡ್ಡವಳು, ನಾನು ಅಕ್ಕ ಅನ್ನುತ್ತೇನೆ.

ಒಂದು ಮುಂಜಾನೆ ಬಾಗಿಲು ತೆಗೆದರೆ ಓಣಿಯಲ್ಲಿ ಹಾಸು. ಆ ತುದಿಗೆ ಭಾವ, ಈ ತುದಿಗೆ ಅಕ್ಕ. ನಡುವೆ ಯಾರೂ ಇಲ್ಲ. ಭಾವ ಸಾಹುಕಾರನ ಕಡೆಯಿಂದ ನೂಲು ತಂದಿದ್ದ. ಅವನ ಕಿರಿಯ ಮಗಳಿಗೆ ಜ್ವರ ಬಿಟ್ಟಿರಲಿಲ್ಲ, ರೋಣದ ದವಾಖಾನೆಗೆ ಒಯ್ಯಬೇಕಿತ್ತು. ಅದು ಓಣಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಎಲ್ಲರೂ ತಂತಮ್ಮ ಬಾಗಿಲಲ್ಲಿ ಕೈ ಕಟ್ಟಿ ನಿಂತೆವು. ಭಾವನೂ ಯಾರನ್ನೂ ಕರೆಯಲಿಲ್ಲ. ಗಂಜಿ ಎರೆದಾಗಿತ್ತು. ಇಬ್ಬರೂ ಓಡಾಡಿ ತೀಡುತ್ತಿದ್ದರು. ಒಂದು ಕಡೆ ತೀಡಿ ಬರುವುದರೊಳಗೆ ಇನ್ನೊಂದು ಕಡೆ ಬಿಳಿಚಿಕೊಳ್ಳುತ್ತಿತ್ತು. ಬಿಸಿಲು ಗುಡ್ಡ ಇಳಿದು ಮಾಳಿಗೆಗೆ ಬಂತು.

ನಮ್ಮ ಅತ್ತೆ ಒಳಗಿನಿಂದ ಕೂಗಿದಳು. “ಯಾರದದು ಹಾಸು? ಇಬ್ಬರ ಕುಂಚದ ಸಪ್ಪಳ ಅಷ್ಟ ಕೇಳತೈತಿ. ಉಳದವ್ರೆಲ್ಲಾ ಸತ್ತೀರೇನು?”

“ಸುಮ್ಮ ಕುಂಡ್ರಬೇ. ಅದು ದ್ರೋಹದ ಹಾಸು,” ಅಂದರು ಮನೆಯವರು.

“ನೂಲಿಗೆ ದ್ರೋಹ ಗೊತ್ತೈತೇನೋ ಮೂಳಾ? ಬಿಸಲ ಏರಾಕತ್ತೈತಿ.”

ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಕಣ್ಣು ಕಾಣದಿದ್ದರೂ ಹಾಸು ಎಲ್ಲಿದೆ ಎಂದು ಗಂಜಿಯ ವಾಸನೆಯಲ್ಲಿ ಗೊತ್ತು. ಹೋಗಿ ಕೈ ಇಟ್ಟಳು. ಅತ್ತೆ ಒಬ್ಬಳೇ ತಡವರಿಸುವಾಗ ಸೊಸೆ ನಿಂತು ನೋಡುವುದು ಹೇಗೆ, ನಾನು ಹೋದೆ. ನನ್ನ ಹಿಂದೆ ಎದುರು ಮನೆಯವಳು. ಕಡೆಗೆ ನಮ್ಮ ಮನೆಯವರು. ಅವರು ಕುಂಚ ಹಿಡಿದು ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ. ಅಣ್ಣನ ಏಳು ತಲೆಮಾರನ್ನು ಬೈದರು, ಅವು ತಮ್ಮವೂ ಹೌದು ಎಂಬ ಎಚ್ಚರವಿಲ್ಲದೆ. ಬೈಯುತ್ತಲೇ ತೀಡಿದರು. ಬಹಳ ಚಲೋ ತೀಡಿದರು. ಒಂದು ಎಳೆಯೂ ಅಂಟಲಿಲ್ಲ.

ಹಾಸು ಮುಗಿದಾಗ ಸಂಪೂ ಮುಗಿದಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮರುದಿನ ಇನ್ನೊಂದು ಮನೆಯವರು ನೂಲು ತಂದರು, ಮೂರನೇ ದಿನ ಇನ್ನಿಬ್ಬರು. ಮಜೂರಿ ಇದ್ದಷ್ಟೇ ಇತ್ತು.

ಸಾಹೇಬ ನಮ್ಮನ್ನೆಲ್ಲ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳಬಾರದು ಎಂದು ಬಾಗಿಲು ಮುಂದೆ ಮಾಡಿದ್ದ. ನನ್ನ ಸರದಿ ಬಂದಾಗ ಅವನು ಮಗ್ಗದ ಕುಣಿಯಲ್ಲಿ, ನಾನು ಕಂಬಕ್ಕೆ ಒರಗಿ, ಮಾಸ್ತರರು ನಡುವೆ.

“ಮೊದಲ ಯಾರು ಕೈ ಹಚ್ಚಿದ್ರು ಅಂತ ಕೇಳ್ತಾರವಾ.”

“ನಮ್ಮತ್ತಿ. ಆಮ್ಯಾಲ ನಾನು. ಆಮ್ಯಾಲ ಎಲ್ಲಾರೂ.”

“ಯಾಕ ಹಚ್ಚಿದ್ರಿ?”

“ಒಣಗತಿತ್ತು.”

ಮಾಸ್ತರರು ಅದನ್ನು ಅವನಿಗೆ ಹೇಳಿದರು. ಅವನು ಬರೆಯಲಿಲ್ಲ. ಮತ್ತೆ ಕೇಳಿದ.

“ಸಂಪು ಮುರೀತೈತಿ ಅಂತ ಗೊತ್ತಿರಲಿಲ್ಲೇನು ಅಂತಾರ.”

“ಗೊತ್ತಿತ್ತರಿ. ನೂಲು ಒಣಗತಿತ್ತು.”

ಮೂರನೇ ಸಲ ಬೇರೆ ದಾರಿಯಿಂದ ಅದನ್ನೇ ಕೇಳಿದ. ನಾನೂ ಅದನ್ನೇ ಹೇಳಿದೆ. ಆಗ ಬರೆದುಕೊಂಡ. ಅವನ ಪತ್ರಿಕೆ ಕೂಲಿಕಾರರ ಪರ ಬರೆಯುವ ಪತ್ರಿಕೆ. ಸಾಹುಕಾರ ಪೊಲೀಸರನ್ನು ಕರೆಸಿದ, ಹೊಟ್ಟೆ ಸೋತಿತು, ಯಾರೋ ಮಾರಿಕೊಂಡರು, ಇಂಥದ್ದನ್ನು ಕೇಳಬೇಕೆಂದು ಅವನು ಬಂದಿದ್ದ. ಒಣಗುತ್ತಿತ್ತು ಎಂಬುದನ್ನು ಎಲ್ಲಿ ಇಡುತ್ತಾನೆ ಪಾಪ.

ಎಲ್ಲ ಮುಗಿದ ಮೇಲೆ ಎಲ್ಲರನ್ನೂ ಕೂಡಿಸಿ, ಇದನ್ನು ಪತ್ರಿಕೆಯಲ್ಲಿ ಹಾಕಲೇ ಎಂದು ಕೇಳಿಸಿದ. ಯಾರು ಏನು ಹೇಳಿದ್ದಾರೋ ಯಾರಿಗೂ ಗೊತ್ತಿಲ್ಲ. ಎಲ್ಲರೂ ಒಬ್ಬರನ್ನೊಬ್ಬರು ಕಳ್ಳಗಣ್ಣಲ್ಲಿ ನೋಡಿದೆವು. ಕಡೆಗೆ ಓಣಿಯ ಹಿರಿಯರೊಬ್ಬರು ಅಂದರು, “ನಾವು ಇಲ್ಲೇ ಬಾಳೇವು ಮಾಡಬೇಕ್ರಿ. ನಾವೆಲ್ಲಾ ಸತ್ತಮ್ಯಾಲ ಏನರ ಮಾಡ್ಕೋರಿ.” ಎಲ್ಲರಿಗೂ ಅದು ಸರಿ ಅನ್ನಿಸಿತು. ಎಲ್ಲರೂ ಒಂದೇ ದಿನ ಸಾಯುತ್ತೇವೆ ಎಂದು ತಿಳಿದುಕೊಂಡ ಹಾಗೆ ಗೋಣು ಹಾಕಿದೆವು. ಕಡೆಗೆ ಒಬ್ಬರು ಉಳಿಯುತ್ತಾರೆ, ಅವರ ಪಾಡೇನು ಎಂದು ಒಬ್ಬರಿಗಾದರೂ ಹೊಳೆಯಬೇಡವೇ?

ಸಾಹೇಬನೂ ಒಪ್ಪಿದ. ಅವನ ದೇಶದಲ್ಲಿ ಒಂದು ಕಾಲಕ್ಕೆ ಅವನ ಪತ್ರಿಕೆ ಮುಚ್ಚಿಸಿ, ಅವನ ಜೊತೆ ಮಾತಾಡಿದವರನ್ನೆಲ್ಲ ಹಿಡಿದು ಒಳಗೆ ಹಾಕಿದ್ದರಂತೆ. ಆದ್ದರಿಂದ ಬಾಯಿ ಮುಚ್ಚುವ ಬೆಲೆ ಅವನಿಗೆ ಗೊತ್ತಿತ್ತು ಎಂದರು ಮಾಸ್ತರರು. ಹಾಳೆಗಳನ್ನು ಕಟ್ಟಿ, ಆ ಕರಾರನ್ನು ಮೇಲೆ ಬರೆದ. ಹೊಳೆ ಇಳಿದಿತ್ತು, ಹೋದ. ಆಮೇಲೆ ಅವನ ಸುದ್ದಿಯಿಲ್ಲ. ಆದರೆ ಮಾತು ಮುರಿಯಲಿಲ್ಲ, ಅಷ್ಟು ಹೇಳಬೇಕು.

ಅವನು ಮಾತಾಡಿಸದೆ ಹೋದದ್ದು ಒಂದೇ ಮನೆ. ಭಾವನ ಬಾಗಿಲಿಗೂ ಹೋಗಿದ್ದ. ಭಾವ ಬಾಗಿಲು ಹಾಕಿಕೊಂಡ.

ಅವನು ಹೋದ ಮೇಲೆ ಓಣಿಗೆ ಒಬ್ಬ ತಪ್ಪಿತಸ್ಥ ಬೇಕಾಯಿತು. ಮಜೂರಿ ಏರಲಿಲ್ಲ, ವಾರಗಟ್ಟಲೆ ಹಸಿದದ್ದು ನೀರಿಗೆ ಹೋಯಿತು, ಯಾರ ಮೇಲಾದರೂ ಹಾಕಬೇಕಲ್ಲ. ಭಾವನ ಮನೆಗೆ ‘ಹಾಸು ಹಾಕಿದವರ ಮನೆ’ ಎಂದು ಹೆಸರು ಬಿತ್ತು. ಮುಂದಿನ ಸಲ ಅವನು ಓಣಿಯಲ್ಲಿ ಹಾಸು ಕಟ್ಟಿದಾಗ ಯಾರೂ ಬರಲಿಲ್ಲ. ಸಂಪಿನ ದಿನ ಕೈ ತಡೆದುಕೊಳ್ಳಲು ಆಗದವರು ಈಗ ತಡೆದುಕೊಂಡರು. ನಮ್ಮ ಮನೆಯವರು ಒಳಗೆ ಕೂತು ಬೀಡಿ ಸೇದಿದರು. ಅತ್ತೆ ಅಷ್ಟರಲ್ಲಿ ಹಾಸಿಗೆ ಹಿಡಿದಿದ್ದಳು. ನಾನು ಹೋದೆ. ಆದರೆ ಮೂರು ಜನರ ಕೈಯಲ್ಲಿ ಒಂದು ಹಾಸು ಮುಗಿಯದು. ಅರ್ಧ ಹಾಸು ಹಗ್ಗವಾಯಿತು. ಭಾವ ಅದನ್ನು ಕುಡುಗೋಲಿನಿಂದ ಕತ್ತರಿಸಿ, “ಸಾಕವಾ, ನೀ ಒಳಗ ಹೋಗು,” ಅಂದ. ಮಗ್ಗ ಬಿಚ್ಚಿ ಮಾರಿ ಲಕ್ಕಲಕಟ್ಟಿಯ ಹೊಲಗಳಿಗೆ ಕೂಲಿಗೆ ಹೋದ. ಹೋಗಿ ಬಂದು, ಹೋಗಿ ಬಂದು, ಒಂದು ದಿನ ಸತ್ತ. ಜ್ವರದ ಮಗಳು ಬದುಕಿದಳು. ಈಗ ಅವಳೂ ಅಜ್ಜಿ.

ಇಷ್ಟು ಹಳೆಯದು.

ಈ ಮಳೆಗಾಲದಲ್ಲಿ ನರಗುಂದದಲ್ಲಿ ಮಗಳ ಮನೆಯಲ್ಲಿದ್ದ ಒಬ್ಬ ಮುದುಕ ತೀರಿಕೊಂಡ. ಆ ಏಳೆಂಟು ಜನರಲ್ಲಿ ನನ್ನ ಜೊತೆ ಉಳಿದಿದ್ದವನು ಅವನೊಬ್ಬ. ಮಣ್ಣಿಗೆ ಹೋಗಿ ಬಂದು ಕಾಲು ತೊಳೆದುಕೊಳ್ಳುವುದರೊಳಗೆ ರೋಣದ ಬಾಯಾರು ಸ್ಕೂಟರಿನ ಮೇಲೆ ಬಂದರು. ಆ ಹೆಣ್ಣುಮಗಳು ನಮ್ಮ ಕಡೆಯ ನೇಕಾರರ ಮೇಲೆ ಓದು ಮಾಡುತ್ತಿದ್ದಾರೆ. ಜರ್ಮನಿಯ ಯಾದಿಯಲ್ಲಿ ಗಜೇಂದ್ರಗಡದ ಹೆಸರು ಕಂಡುಹಿಡಿದವರೂ ಅವರೇ. ಅಲ್ಲಿಯವರಿಗೂ ನನಗೂ ನಡುವೆ ಸುದ್ದಿ ಮುಟ್ಟಿಸುವವರೂ ಅವರೇ.

“ಅಜ್ಜಿ, ಈಗ ನೀವೊಬ್ಬರ ಉಳದ್ರಿ,” ಅಂದರು.

“ಅಭಿನಂದನಿ ಹೇಳಾಕ ಬಂದೀರೇನು?”

ಪಾಪ, ಅವರ ಮುಖ ಕೆಂಪಾಯಿತು. ಚಹಾ ಕುಡಿದು ಆಮೇಲೆ ಹೇಳಿದರು. ನಾನು ರುಜು ಹಾಕಿದರೆ ಈಗಲೇ ಪೆಟ್ಟಿಗೆ ತೆಗೆಯುತ್ತಾರೆ. ಹಾಕದಿದ್ದರೆ ನಾನು ಸತ್ತ ಮೇಲೆ ತೆಗೆಯುತ್ತಾರೆ.

“ಹ್ಯಾಂಗೂ ತಗೀತಾರಲ್ಲ. ಮತ್ತ ಗಡಿಬಿಡಿ ಯಾಕ?”

“ನನ್ನ ಓದು ನಿಂತೈತಿ, ಅದು ಖರೇ. ಆದ್ರ ಇನ್ನೊಂದು ಐತ್ರಿ. ನೀವು ಇಲ್ಲದಾಗ ತಗದ್ರ, ಅದರಾಗ ಯಾರರ ಸುಳ್ಳ ಹೇಳಿದ್ರ ‘ಹಂಗಲ್ಲ, ಹಿಂಗ’ ಅನ್ನಾಕ ಯಾರೂ ಇರೂದಿಲ್ಲ. ಈಗ ತಗದ್ರ ನೀವಿದ್ದೀರಿ.”

ಆ ಮಾತು ನನಗೆ ಹಿಡಿಸಿತು. ಜಗಳ ಮಾಡಬೇಕೆಂದರೆ ಜೀವ ಇರಬೇಕು. ಆದರೂ, ಒಬ್ಬರನ್ನು ಕೇಳಿ ಹೇಳುತ್ತೇನೆ ಅಂದೆ.

ಅಕ್ಕ ಹಿತ್ತಲಲ್ಲಿ ಮೊರ ಹಿಡಿದು ಹೆಸರು ಹಸನು ಮಾಡುತ್ತಿದ್ದಳು. ನನಗಿಂತ ದೊಡ್ಡವಳಾದರೂ ಅವಳು ಕಲ್ಲು. ಕನ್ನಡಕವಿಲ್ಲದೆ ಕಾಳಿನಲ್ಲಿ ಹರಳು ಹೆಕ್ಕುತ್ತಾಳೆ. ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಸೊಸೆಯ ಮುಖ ನೋಡುತ್ತಾಳೆ.

“ಅಕ್ಕಾ, ಆ ಪೆಟಗಿ ತಗೀಲೇನಂತ ಕೇಳಾಕತ್ತಾರ.”

“ಯಾ ಪೆಟಗಿ?” ಗೊತ್ತಿದ್ದೂ ಕೇಳಿದಳು.

“ಸಾಹೇಬಂದು.”

“ತಗೀ ಅನ್ನು. ನನ್ನ್ಯಾಕ ಕೇಳ್ತಿ? ಅಂವಾ ಕೇಳಿದ್ನೇನು ನನ್ನ?”

“ಕೇಳಾಕ ಬಂದಿದ್ದ. ಭಾವಾರು ಬಾಗಲ ಹಾಕಿದ್ರು.”

“ಬಾಗಲ ಅವರು ಹಾಕಿದ್ರು. ನಾ ಹಾಕಿದ್ನೇನು? ನಾ ಒಳಗ ನಿಂತಿದ್ದೆ. ಒಬ್ಬರರ ಹಿತ್ತಲ ಬಾಗಲಿಗೆ ಬಂದು, ನೀ ಏನಂತೀಯವಾ ಅಂತ ಕೇಳಿದ್ರೇನು?”

ನಾನು ಅವಳ ಮೊರದಿಂದ ಒಂದು ಹರಳು ಹೆಕ್ಕಿ, “ಅದರಾಗ ನಾ ಹೇಳೀನಿ, ಎಲ್ಲಾರೂ ಕೈ ಹಚ್ಚಿದ್ರು ಅಂತ. ನಮ್ಮವರೂ ಹಚ್ಚಿದ್ರು ಅಂತ. ಅದು ಹೊರಗ ಬಂದ್ರ ನಿಮಗ ಚಲೋನ ಅಲ್ಲ?” ಅಂದೆ.

“ನೀ ಹೇಳಿದಿ. ಉಳದವ್ರು?”

“ಅದು ಗೊತ್ತಿಲ್ಲ.”

“ನಿನ್ನ ಗಂಡ ಏನ ಹೇಳ್ಯಾನ?”

ಅದೂ ನನಗೆ ಗೊತ್ತಿಲ್ಲ. ಆ ದಿನ ಅವರು ಬಾಗಿಲು ತೆಗೆದು ಹೊರಗೆ ಬಂದು ಕೈಕಾಲು ತೊಳೆದುಕೊಂಡು ಉಣ್ಣಲು ಕೂತರು. ಏನು ಹೇಳಿದಿರಿ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಮುಂದೆ ಸಾಯುವತನಕ ಆ ಮಾತು ಬರಲಿಲ್ಲ. ಆದರೆ ಅಣ್ಣನ ಹಾಸು ಹಗ್ಗವಾಗುವಾಗ ಒಳಗೆ ಕೂತು ಬೀಡಿ ಸೇದಿದ ಮನುಷ್ಯ ಏನು ಹೇಳಿರುತ್ತಾನೆ ಎಂದು ಊಹಿಸಲು ಕಾಲೇಜು ಬೇಕಾಗಿಲ್ಲ.

ಅಕ್ಕ ಮೊರ ಕೆಳಗಿಟ್ಟಳು. “ಮೊಮ್ಮಗನ ಕಿರಾಣಿ ಅಂಗಡಿಗೆ ಇಡೀ ಓಣಿ ಬರತೈತಿ. ಎಣ್ಣಿ ಒಯ್ತಾರ, ಬೆಲ್ಲ ಒಯ್ತಾರ. ಒಬ್ಬರರ ‘ಹಾಸು ಹಾಕಿದವ್ರ ಅಂಗಡಿ’ ಅಂತಾರೇನು? ಮರತಾರ. ಮರೀಬೇಕಂದ್ರ ನಲವತ್ತು ವರ್ಷ ಹಿಡೀತು. ಮರತದ್ದನ್ನ ಜರ್ಮನಿಯಿಂದ ಯಾಕ ತರಸ್ತಿ?”

“ನಾ ತರಸೂದಿಲ್ಲ. ನಾ ಸತ್ತಮ್ಯಾಲ ತಾನ ಬರತೈತಿ.”

ಅದು ಅವಳಿಗೆ ಅಲ್ಲಿಯತನಕ ಹೊಳೆದಿರಲಿಲ್ಲ. ಮುಖ ಎತ್ತಿ ನೋಡಿದಳು.

“ನೀ ಸತ್ರ ತಗೀತಾರ?”

“ಹೌದು.”

“ನಾ ಇದ್ರೂ?”

“ನೀನು ಅದರಾಗಿಲ್ಲಲ್ಲ ಅಕ್ಕಾ. ನಿನ್ನ ಲೆಕ್ಕ ಅವರಿಗಿಲ್ಲ.”

ಮರುದಿನ ಬಾಯಾರು ಜರ್ಮನಿಗೆ ಫೋನು ಹಚ್ಚಿದರು. ನಮ್ಮ ಪಡಸಾಲೆಯಲ್ಲಿ, ಮುಖ ಕಾಣುವ ಫೋನು. ಮೊದಲು ಮಗ್ಗದ ಕುಣಿ ಇದ್ದ ಜಾಗ ಅದು. ಕುಣಿ ಮುಚ್ಚಿ ಫರಸಿ ಹಾಕಿಸಿ ಈಗ ಅಲ್ಲಿ ಫ್ರಿಜ್ ಇಟ್ಟಿದ್ದೇವೆ. ಅಕ್ಕ ಬರುವುದಿಲ್ಲ ಅಂದವಳು ಬಂದು, ಫೋನಿಗೆ ಕಾಣದ ಹಾಗೆ ಫ್ರಿಜ್ಜಿನ ಪಕ್ಕ ನಿಂತಳು. ಆ ಕಡೆ ಬಿಳಿಗೂದಲಿನ ಹೆಂಗಸು. ಕಾಗದ ಕಾಯುವವಳು. ನಮಸ್ಕಾರ ಅಂದಳು, ಕಲಿತುಕೊಂಡು ಬಂದಿರಬೇಕು. ಅವಳು ಇಂಗ್ಲಿಷಿನಲ್ಲಿ ಮಾತಾಡಿದಳು, ಬಾಯಾರು ಕನ್ನಡ ಮಾಡಿದರು.

ನಾನು ಎರಡು ಮಾತು ಕೇಳಿಸಿದೆ. ನಮ್ಮ ಅಕ್ಕನ ಹೆಸರನ್ನೂ ಆ ಜನರಲ್ಲಿ ಸೇರಿಸಿಕೊಂಡು ಅವಳು ಹೋಗುವತನಕ ಕಾಯುತ್ತೀರೇನು? ಅದಾಗದಿದ್ದರೆ, ಅವಳು ಹೇಳುವುದನ್ನೂ ಬರೆದು ಅದೇ ಪೆಟ್ಟಿಗೆಯಲ್ಲಿ ಇಡುತ್ತೀರೇನು?

ಆ ಹೆಂಗಸು ಬಹಳ ಹೊತ್ತು ಏನೋ ಹೇಳಿದಳು. ಬಾಯಾರು ಸಣ್ಣದಾಗಿ ಹೇಳಿದರು. “ಆಗೂದಿಲ್ಲಂತ್ರಿ. ಆ ಕಾಗದ ಅವರವಲ್ಲ, ಅವರು ಕಾಯಾವ್ರಂತ. ಸತ್ತಾವ್ರು ಬರದಿಟ್ಟದ್ದರಾಗ ಒಂದು ಹೆಸರು ಸೇರಸಾಕೂ ಬರೂದಿಲ್ಲ, ಒಂದು ಹಾಳಿ ಇಡಾಕೂ ಬರೂದಿಲ್ಲಂತ.” ಆಮೇಲೆ ಅವರೇ ಫ್ರಿಜ್ಜಿನ ಕಡೆ ತಿರುಗಿ, “ಆದ್ರ ದೊಡ್ಡಮ್ಮಾರ, ನೀವು ನನಗ ಹೇಳ್ರಿ. ನಾ ಬ್ಯಾರೆ ಬರಕೋತೀನಿ,” ಅಂದರು.

“ಬ್ಯಾಡವಾ,” ಅಂದಳು ಅಕ್ಕ. “ಕೇಳೂ ಹೊತ್ತಿನ್ಯಾಗ ಯಾರೂ ಕೇಳಲಿಲ್ಲ. ಈಗ ನನಗ ಹೇಳಾಕ ಹಲ್ಲಿಲ್ಲ.”

ಕಾಗದ ಕಾಯುವ ಹೆಂಗಸಿನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹೆಸರು ಸೇರಿಸಲು ಒಪ್ಪುವವಳಾಗಿದ್ದರೆ, ಇಷ್ಟು ವರ್ಷದಲ್ಲಿ ಯಾರದೋ ಮಾತಿಗೆ ಲಾಡಿ ಬಿಚ್ಚುವವಳೂ ಆಗಿರುತ್ತಿದ್ದಳು. ನಾನು ರುಜು ಹಾಕುವುದಿಲ್ಲ ಎಂದು ಹೇಳಿಸಿದೆ. ಬಾಯಾರ ಮುಖ ಸಣ್ಣದಾಯಿತು, ಆದರೆ ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿದರು. ಆ ಕಡೆಯ ಹೆಂಗಸು ಗೋಣು ಹಾಕಿದಳು. ಕಡೆಗೆ, ಎಂದಿನಂತೆ, ನನ್ನ ಆರೋಗ್ಯ ಹೇಗಿದೆ ಎಂದು ಕೇಳಿದಳು.

“ಬಿಪಿ ಐತಿ ಅಂತ ಹೇಳ್ರಿ,” ಅಂದೆ. “ಗುಳಿಗಿ ಬಿಟ್ಟೀನಿ ಅಂತ ಹೇಳಬ್ಯಾಡ್ರಿ.”

ಬಾಯಿ ತಪ್ಪಿ ಬಂತು. ಗುಳಿಗೆ ಬಿಟ್ಟದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ದುಃಖದಿಂದ ಬಿಟ್ಟದ್ದಲ್ಲ. ಮಗ ಸೊಸೆ ಚಲೋ ನೋಡಿಕೊಳ್ಳುತ್ತಾರೆ. ಬೆಳಗಾದರೆ ಬಿಳಿಯದೊಂದು, ಕೆಂಪನೆಯದೊಂದು, ಅರ್ಧ ಮುರಿದದ್ದೊಂದು. ತಿಂಗಳಿಗೊಮ್ಮೆ ರೋಣದ ದವಾಖಾನೆ, ಬಸ್ಸು, ಸರದಿ, ತೋಳಿಗೆ ಪಟ್ಟಿ, ಮತ್ತೆ ಬಸ್ಸು. ಯಾಕೆ ಎಂದು ಒಂದು ದಿನ ಕೇಳಿಕೊಂಡೆ. ಉತ್ತರ ಬರಲಿಲ್ಲ, ಬಿಟ್ಟೆ. ಉಂಡವರು ಎಲೆ ಬಿಟ್ಟು ಏಳುವುದಿಲ್ಲವೇ, ಹಾಗೆ.

ಬಾಯಾರು ಹೋದರು. ಅಕ್ಕ ಹೋಗಲಿಲ್ಲ.

“ಯಾವಾಗಿಂದ ಬಿಟ್ಟಿ?”

“ಯುಗಾದಿ ಮುಂದ.”

“ಯಾರನ್ನ ಕೇಳಿ ಬಿಟ್ಟಿ?”

“ನನ್ನ ಗುಳಿಗಿ ಬಿಡಾಕ ನಿನ್ನ ಕೇಳಬೇಕೇನು?”

“ಕೇಳಬೇಕು.” ಫ್ರಿಜ್ಜಿಗೆ ಒರಗಿ ನಿಂತವಳು ಬಂದು ನನ್ನ ಎದುರು ನೆಲದ ಮೇಲೆ ಕೂತಳು. ಕೂರುವಾಗ ಅವಳ ಮೊಣಕಾಲೂ ಸದ್ದು ಮಾಡಿತು. ಕಲ್ಲಿಗೂ ಬಿರುಕು ಇದೆ. “ನೋಡ ತಂಗಿ. ನಾ ನಿನಗ ಏನೂ ಕೇಳಿಲ್ಲ. ಪಾಲು ಆಗೂ ಮುಂದ ಹಂಡೆ ನೀ ಒಯ್ದಿ, ನಾ ಕೇಳಲಿಲ್ಲ.”

“ಹಂಡೆ ಅತ್ತಿ ನನಗ ಕೊಟ್ಟಿದ್ದು.”

“ಒಯ್ದಿ. ಇರಲಿ. ಇದೊಂದು ಕೇಳ್ತೀನಿ. ನಾ ಹೋಗೂಮಟ ನೀ ಹೋಗಬ್ಯಾಡ. ನನ್ನ ಕಿವಿ ಇರೂಮಟ ಅದು ಓಣ್ಯಾಗ ಬರಬಾರದು. ಆಮ್ಯಾಲ ಪೆಟಗಿ ತಗೀಲಿ, ಓಣ್ಯಾಗ ಹಾಸಲಿ, ಓದಿ ಡಂಗುರಾ ಹೊಡೀಲಿ.”

“ನೀ ಹೋಗಾಕಿ ಅಲ್ಲ. ಮೂರು ರೊಟ್ಟಿ ತಿಂತಿ.”

“ಎರಡ ತಿಂತೀನಿ ಇನ್ನ.”

ನನಗೆ ನಗು ಬಂತು. ಅವಳು ನಗಲಿಲ್ಲ. ಎಷ್ಟು ವರ್ಷ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ. ಅವಳ ತಾಯಿ ಬಹಳ ಬಾಳಿದವಳು, ಆ ಮನೆತನವೇ ಹಾಗೆ. ನನಗೆ ಸಾಕಾಗಿದೆ ಎಂದು ಹೇಳಿದರೆ ಅವಳಿಗೂ ಅರ್ಥವಾಗುತ್ತಿತ್ತು. ಆದರೆ ಎದುರಿಗೆ ಒಬ್ಬಳು ಒಂದು ತುದಿ ಹಿಡಿದು ನಿಂತಿರುವಾಗ ಸಾಕು ಎಂದು ಬಾಗಿಲಲ್ಲಿ ಕೈ ಕಟ್ಟಿ ನಿಂತೇ ಇರಲು ನನಗೆ ಅಂದೂ ಬರಲಿಲ್ಲ, ಇಂದೂ ಬರುವುದಿಲ್ಲ.

ಈ ವಾರ ರೋಣಕ್ಕೆ ಹೋಗಿ ಬಂದೆ. ಡಾಕ್ಟರು ಬೈದರು, ಹಳೆಯ ಮೂರರ ಜೊತೆ ಹೊಸದೊಂದು ಬರೆದುಕೊಟ್ಟರು. ಈಗ ಬೆಳಗಾದರೆ ಅಕ್ಕ ತಾಮ್ರದ ಚಂಬಿನಲ್ಲಿ ನೀರು ಹಿಡಿದು ಬರುತ್ತಾಳೆ. ಸೊಸೆಯ ಮೇಲೂ ನಂಬಿಕೆಯಿಲ್ಲ, ನನ್ನ ಮೇಲೆ ಮೊದಲೇ ಇಲ್ಲ. ಎದುರಿಗೆ ಕೂತು ಗಂಟಲನ್ನೇ ನೋಡುತ್ತಾಳೆ.

“ನುಂಗಿದಿ?”

“ನುಂಗಿದೆ.”

“ಎಲ್ಲಾನೂ?”

“ಎಲ್ಲಾನೂ.”

“ಬಾಯಿ ತಗೀ.”

ತೆಗೆದು ತೋರಿಸಿದೆ.